ವಿರಾಮ ಪ್ರವಾಹದ ಇತಿಹಾಸ: ಧಾರವಾಡದ ಬಾನುಲಿಯಿಂದ ತಿಳವಳ್ಳಿಯ ಗೋಪುರದವರೆಗೆ

ಹಾನಗಲ್ಲು ತಾಲ್ಲೂಕಿನ ತಿಳವಳ್ಳಿಯು ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಊರಲ್ಲ. ಅಲ್ಲಿಯ ಶಾಂತೇಶ್ವರ ದೇವಾಲಯವು 13ನೆಯ ಶತಮಾನದ ವಾಸ್ತುಶಿಲ್ಪದ ಉತ್ತಮ ನಿದರ್ಶನವೆಂದು ಎಣಿಸಲ್ಪಟ್ಟಿದೆ. ಆದರೆ ಪ್ರಸ್ತುತ ಲೇಖನದಲ್ಲಿ ನಾವು ಆ ಊರನ್ನು ಎತ್ತಿಕೊಂಡಿರುವುದು ದೇವಾಲಯದ ಸಲುವಾಗಿಯೂ ಅಲ್ಲ, ಶಾಸನದ ಸಲುವಾಗಿಯೂ ಅಲ್ಲ. ಕಳೆದ ಎಪ್ಪತ್ತು ಎಪ್ಪತ್ತೈದು ವರ್ಷಗಳಲ್ಲಿ ದೂರದ ಮಾತು ಗಾಳಿಯ ಮೂಲಕ ಅಲ್ಲಿಗೆ ಹೇಗೆ ಬಂದು ಮುಟ್ಟಿತು ಎಂಬುದನ್ನು ಒಂದು ಸಣ್ಣ ಕಿಂಡಿಯಿಂದ ನೋಡುವ ಸಲುವಾಗಿ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ನಿಲಯವು ಆರಂಭವಾದಾಗ ತಿಳವಳ್ಳಿಯು ಮುಂಬಯಿ ಆಡಳಿತಕ್ಕೆ ಒಳಪಟ್ಟ ಧಾರವಾಡ ಜಿಲ್ಲೆಯಲ್ಲಿದ್ದಿತು. 1956ರಲ್ಲಿ ಅದು ವಿಶಾಲ ಮೈಸೂರು ರಾಜ್ಯಕ್ಕೂ, 1997ರಲ್ಲಿ ಹೊಸದಾಗಿ ರಚಿತವಾದ ಹಾವೇರಿ ಜಿಲ್ಲೆಗೂ ಸೇರಿತು. ಆಡಳಿತದ ಗಡಿ ಹೀಗೆ ಎರಡು ಸಲ ಬದಲಾದರೂ ಧಾರವಾಡದ ಮಾಧ್ಯಮ ತರಂಗವು ಯಾವ ಗಡಿಯನ್ನೂ ಲೆಕ್ಕಿಸದೆ, ನೆಲಕ್ಕೆ ಅಂಟಿಕೊಂಡು ಹರಿಯುತ್ತ, ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಈ ಸೀಮೆಯನ್ನು ತಲುಪುತ್ತಲೇ ಇದ್ದಿತು.

ನಮ್ಮ ನಾಡಿನ ಬಾನುಲಿಯ ಇತಿಹಾಸವನ್ನು ಬರೆದವರು ನಿಲಯಗಳ ಉದ್ಘಾಟನೆಗಳನ್ನೂ, ಹಾಡಿದ ಕಲಾವಿದರನ್ನೂ, ಪ್ರೇಷಕಗಳ ಕಿಲೋವಾಟ್‌ಗಳನ್ನೂ ದಾಖಲಿಸಿದ್ದಾರೆ. ಇವೆಲ್ಲವೂ ಅವಶ್ಯವೇ. ಆದರೆ ಕಿಲೋವಾಟ್‌ಗಳ ಏರಿಕೆಯನ್ನೇ ಪ್ರಗತಿಯ ಅಳತೆಗೋಲಾಗಿ ಹಿಡಿದರೆ ಇತಿಹಾಸದ ಮುಖ್ಯವಾದ ಎಳೆಯೊಂದು ಕೈಬಿಟ್ಟುಹೋಗುವುದೆಂದು ನಾವು ಭಾವಿಸುತ್ತೇವೆ. ಶಕ್ತಿವರ್ಧಕವೊಂದು ಯಾವ ಸಂಕೇತವನ್ನೂ ಹೊರದೆ ಸುಮ್ಮನಿರುವಾಗ ಅದರಲ್ಲಿ ಎಷ್ಟು ವಿದ್ಯುತ್ತು ಹರಿಯುತ್ತಿರಬೇಕು ಎಂಬುದೇ ಆ ಎಳೆ. ಈ ಪ್ರವಾಹವನ್ನು ನಾವು ವಿರಾಮ ಪ್ರವಾಹವೆಂದು ಕರೆಯುತ್ತೇವೆ. ಅದನ್ನು ನಿಗದಿಮಾಡುವ ವೋಲ್ಟೇಜಿಗೆ ಬಯಾಸ್ ಎಂದು ಹೆಸರು. ಈ ಶಬ್ದಕ್ಕೂ ಕನ್ನಡದ ಬಯಸು ಎಂಬ ಕ್ರಿಯಾಪದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆದರೂ ವಾಲ್ವು ಅಥವಾ ಟ್ರಾನ್ಸಿಸ್ಟರು ಯಾವ ಕಡೆಗೆ ವಾಲಿ ನಿಂತಿರಬೇಕೆಂಬುದನ್ನು ತಿಳಿಸುವ ಮಾತಿಗೆ ಈ ಆಕಸ್ಮಿಕವಾದ ಸಾಮ್ಯವು ಅಷ್ಟೇನೂ ಅನುಚಿತವಲ್ಲ.

ಹಾನಗಲ್ಲು ಸೀಮೆ ಕೆರೆಗಳ ನಾಡಾದ್ದರಿಂದ ತೂಬಿನ ಉಪಮೆಯಿಂದಲೇ ವಿಷಯವನ್ನು ವಿಶದಪಡಿಸಬಹುದು. ಕೆರೆಯ ತೂಬಿನ ಬಾಗಿಲನ್ನು ಒಬ್ಬನು ಮೇಲಕ್ಕೂ ಕೆಳಕ್ಕೂ ಲಯಬದ್ಧವಾಗಿ ಆಡಿಸುತ್ತಿರುವನೆಂದು ಭಾವಿಸೋಣ. ಅವನ ಕೈಯ ಚಲನೆ ಸಂಕೇತ, ಹೊರಬೀಳುವ ನೀರು ವರ್ಧಿತ ಪ್ರವಾಹ. ವಿರಾಮದಲ್ಲಿ ಬಾಗಿಲು ಅರ್ಧ ತೆರೆದೇ ನಿಂತಿದ್ದರೆ ಕೈಯ ಏರಿಳಿತಗಳೆರಡೂ ನೀರಿನ ಹರಿವಿನಲ್ಲಿ ಯಥಾವತ್ತಾಗಿ ಮೂಡುತ್ತವೆ. ಆದರೆ ಯಾರಿಗೂ ನೀರು ಬೇಡದಿರುವಾಗಲೂ ಕೆರೆ ಬರಿದಾಗುತ್ತಲೇ ಇರುತ್ತದೆ. ಇದು 'ಎ' ವರ್ಗದ ವರ್ಧಕ. ಬಾಗಿಲು ಆಗಷ್ಟೇ ಮುಚ್ಚಿಕೊಂಡ ಸ್ಥಿತಿಯಲ್ಲಿದ್ದರೆ ಮೇಲ್ಮುಖವಾದ ಅರ್ಧ ಚಲನೆ ಮಾತ್ರ ನೀರನ್ನು ಬಿಡುತ್ತದೆ. ಇದು 'ಬಿ' ವರ್ಗ. ಬಾಗಿಲನ್ನು ಹೊಸ್ತಿಲಿಗಿಂತಲೂ ಬಹಳ ಕೆಳಗೆ ಒತ್ತಿಟ್ಟಿದ್ದರೆ ಕೈಯ ಚಲನೆಯ ತುತ್ತತುದಿ ಮಾತ್ರ ಅದನ್ನು ತೆರೆಯಬಲ್ಲದು. ನೀರು ಧಾರೆಯಾಗಿ ಬಾರದೆ ತುಂಡುತುಂಡಾಗಿ ಚಿಮ್ಮುತ್ತದೆ. ಇದು 'ಸಿ' ವರ್ಗ. ವಾಲ್ವಿನಲ್ಲಿ ಗ್ರಿಡ್ಡಿಗೆ ಕೊಡುವ ಋಣ ವೋಲ್ಟೇಜು ಎಷ್ಟೆಂಬುದರಿಂದ ಈ ವರ್ಗಗಳು ನಿರ್ಣಯವಾಗುತ್ತವೆ. ತಾತ್ತ್ವಿಕವಾಗಿ 'ಎ' ವರ್ಗದ ದಕ್ಷತೆಯ ಪರಮಾವಧಿ ಶೇಕಡಾ 50, 'ಬಿ' ವರ್ಗದ್ದು 78.5, 'ಸಿ' ವರ್ಗದ್ದು ಇದನ್ನೂ ಮೀರಬಲ್ಲದು. ಚೂರುಚೂರಾಗಿ ಬಂದ ಪ್ರವಾಹವನ್ನು ಸುರುಳಿ ಮತ್ತು ಕೆಪಾಸಿಟರುಗಳ ಅನುರಣಿತ ಮಂಡಲವು ಮತ್ತೆ ನುಣುಪಾದ ಅಲೆಯನ್ನಾಗಿ ಮಾಡುತ್ತದೆಯಾದ್ದರಿಂದ ರೇಡಿಯೋ ಆವರ್ತಾಂಕಗಳಲ್ಲಿ ಈ ಚೂರುತನವು ದೋಷವೇ ಅಲ್ಲ.

ದೋಷವು ಕಾಣಿಸಿಕೊಳ್ಳುವುದು ಅಲೆಯ ಎತ್ತರದಲ್ಲಿಯೇ ಮಾತನ್ನು ಅಡಗಿಸಿದಾಗ. ಮಾಧ್ಯಮ ತರಂಗದ ಪ್ರಸಾರದಲ್ಲಿ ವಾಹಕ ತರಂಗದ ಎತ್ತರವು ಗಾಯಕನ ದನಿಗೆ ಅನುಗುಣವಾಗಿ ಏರುತ್ತ ಇಳಿಯುತ್ತ ಇರುತ್ತದೆ. ಅಂತಹ ಅಲೆಯನ್ನು 'ಸಿ' ವರ್ಗದ ವರ್ಧಕದ ಮೂಲಕ ಹಾಯಿಸಿದರೆ ತಗ್ಗಿನ ಭಾಗಗಳು ಕತ್ತರಿಸಿ ಹೋಗಿ ದನಿ ಒಡೆಯುತ್ತದೆ. ಒಳಬಂದ ಎತ್ತರಕ್ಕೂ ಹೊರಹೋದ ಎತ್ತರಕ್ಕೂ ಎಲ್ಲ ಮಟ್ಟಗಳಲ್ಲಿಯೂ ಒಂದೇ ಪ್ರಮಾಣವಿರಬೇಕೆಂಬ ಈ ನಿಯಮವನ್ನೇ ರೇಖೀಯತೆ ಎನ್ನುವುದು. 'ಬಿ' ವರ್ಗದ ವರ್ಧಕವು ಈ ನಿಯಮವನ್ನು ತಕ್ಕಮಟ್ಟಿಗೆ ಪಾಲಿಸಬಲ್ಲುದು. ಆದರೆ ಅದರ ದಕ್ಷತೆಯ ಖ್ಯಾತಿ ಇರುವುದು ಶಿಖರಮಟ್ಟದಲ್ಲಿ ಮಾತ್ರ. ಮಾತಿಲ್ಲದ ಬರಿಯ ವಾಹಕದ ಮಟ್ಟದಲ್ಲಿ, ಎಂದರೆ ಶಿಖರದ ಅರ್ಧ ಎತ್ತರದಲ್ಲಿ, ಅದು ವ್ಯವಹಾರದಲ್ಲಿ ಶೇಕಡಾ 33ರ ಹತ್ತಿರಕ್ಕೆ ಕುಸಿಯುತ್ತದೆ. 100 ಕಿಲೋವಾಟ್ ವಾಹಕವನ್ನು ಹೊರಡಿಸಲು 300 ಕಿಲೋವಾಟ್ ವಿದ್ಯುತ್ತು ಬೇಕು. ಉಳಿದ 200 ಕಿಲೋವಾಟ್ ವಾಲ್ವನ್ನು ಕಾಯಿಸಿ, ತಂಪುಗೊಳಿಸುವ ನೀರಿಗೋ ಗಾಳಿಗೋ ಸೇರಿಹೋಗುತ್ತದೆ.

ಅಮೆರಿಕೆಯ ಬೆಲ್ ಪ್ರಯೋಗಶಾಲೆಯ ವಿಲಿಯಂ ಡೊಹರ್ಟಿ 1936ರಲ್ಲಿ ಈ ಸಂದಿಗ್ಧಕ್ಕೆ ಕೊಟ್ಟ ಉತ್ತರವು ಇಂದಿಗೂ ಬೆರಗು ಹುಟ್ಟಿಸುವಂಥದು. ಒಂದು ವಾಲ್ವನ್ನು 'ಬಿ' ವರ್ಗದ ಬಯಾಸಿನಲ್ಲಿಯೂ ಇನ್ನೊಂದನ್ನು 'ಸಿ' ವರ್ಗದ ಬಯಾಸಿನಲ್ಲಿಯೂ ನಿಲ್ಲಿಸಿ, ಕಾಲು ತರಂಗದುದ್ದದ ಮಂಡಲದಿಂದ ಅವೆರಡನ್ನೂ ಆತನು ಜೋಡಿಸಿದನು. ವಾಹಕದ ಮಟ್ಟದವರೆಗೆ ಮೊದಲನೆಯದೇ ಪೂರ್ಣ ದಕ್ಷತೆಯಿಂದ ದುಡಿಯುವುದು. ದನಿ ಅದಕ್ಕಿಂತ ಮೇಲೇರಿದಾಗ ಮಾತ್ರ ನಿದ್ರಿಸುತ್ತಿದ್ದ ಎರಡನೆಯದು ಎಚ್ಚೆತ್ತು ಹೆಗಲು ಕೊಡುವುದು. ಹೊಸ ವಾಲ್ವಿನ ಸಹಾಯವಿಲ್ಲದೆ, ಎರಡು ಭಿನ್ನ ವಿರಾಮಬಿಂದುಗಳ ಕೂಟದಿಂದಲೇ ವಾಹಕಮಟ್ಟದ ದಕ್ಷತೆಯು ಶೇಕಡಾ 60ರ ಮೇಲಕ್ಕೆ ಏರಿತು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ತಿಳವಳ್ಳಿಯ ಪ್ರಸಂಗದಲ್ಲಿ ಅದು ಮತ್ತೆ ಬರುತ್ತದೆ.

ಕನ್ನಡ ನಾಡಿನಲ್ಲಿ ಬಾನುಲಿಯ ಆರಂಭವಾದದ್ದು ಇಂತಹ ಲೆಕ್ಕಗಳ ಗೊಡವೆಯಿಲ್ಲದ ಪ್ರಮಾಣದಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ನಿಲಯವನ್ನು ತೆರೆದಾಗ ಅವರ ಪ್ರೇಷಕದ ಶಕ್ತಿ 30 ವಾಟ್ ಮಾತ್ರ. ಮನೆಯ ವಿದ್ಯುದ್ದೀಪವೊಂದರ ಖರ್ಚಿಗೆ ಸಮ. ಅಷ್ಟರಲ್ಲಿ ಮೂರನೆಯ ಎರಡು ಪಾಲು ಶಾಖವಾಗಿ ಹೋದರೂ ಯಾರ ಬೊಕ್ಕಸಕ್ಕೂ ಕೊರತೆಯಿಲ್ಲ. ಧಾರವಾಡದ ನಿಲಯವು ಮುಂದೆ 765 ಕಿಲೋಹರ್ಟ್ಸ್ ಆವರ್ತಾಂಕದಲ್ಲಿ, ಎಂದರೆ ಸುಮಾರು 392 ಮೀಟರ್ ತರಂಗದಲ್ಲಿ, 200 ಕಿಲೋವಾಟ್ ಶಕ್ತಿಯಿಂದ ಪ್ರಸಾರ ಮಾಡತೊಡಗಿತು. ಆ ಪ್ರಮಾಣದಲ್ಲಿ ಶೇಕಡಾ ಒಂದೊಂದು ಅಂಶವೂ ಸಾವಿರಾರು ವಾಟ್‌ಗಳ ಪ್ರಶ್ನೆಯಾಗುತ್ತದೆ.

ವಾಲ್ವುಗಳ ಕಾಲದ ದೊಡ್ಡ ಮಾಧ್ಯಮ ತರಂಗ ಪ್ರೇಷಕಗಳು ಸಾಮಾನ್ಯವಾಗಿ ಹಿಡಿದ ದಾರಿ ಬೇರೊಂದು. ಅವು ರೇಖೀಯತೆಯ ಪ್ರಶ್ನೆಯನ್ನು ಬಿಡಿಸಲಿಲ್ಲ, ಬಳಸಿಕೊಂಡು ಹೋದವು. ಕೊನೆಯ ವಾಲ್ವನ್ನು ನಿರ್ಭೀತಿಯಿಂದ 'ಸಿ' ವರ್ಗದಲ್ಲಿಯೇ ಇಟ್ಟು, ಅದರ ಆನೋಡಿಗೆ ಉಣಿಸುವ ವೋಲ್ಟೇಜನ್ನೇ ದನಿಗೆ ತಕ್ಕಂತೆ ಏರಿಳಿಸಿದರೆ ಹೊರಬೀಳುವ ಅಲೆಯ ಎತ್ತರವು ತಾನಾಗಿಯೇ ಅದನ್ನು ಅನುಸರಿಸುತ್ತದೆ. ದಕ್ಷತೆ ಶೇಕಡಾ 75ರ ಮೇಲೆ ನಿಲ್ಲುತ್ತದೆ. ಬಯಾಸಿನ ಚಿಂತೆಯೂ ಇಲ್ಲಿ ಕಡಮೆ. ಸಂಕೇತದ ಶಿಖರಗಳಲ್ಲಿ ಗ್ರಿಡ್ಡು ಸೆಳೆದುಕೊಳ್ಳುವ ಅಲ್ಪ ಪ್ರವಾಹವನ್ನು ಒಂದು ರೋಧಕದ ಮೂಲಕ ಹರಿಯಬಿಟ್ಟರೆ ಬೇಕಾದ ಋಣ ವೋಲ್ಟೇಜು ಅಲ್ಲಿಯೇ ಹುಟ್ಟುತ್ತದೆ. ಇದಕ್ಕಿರುವ ಅಪಾಯ ಒಂದೇ. ಹಿಂದಿನ ಘಟ್ಟದಿಂದ ಸಂಕೇತ ಬರುವುದು ನಿಂತ ಕ್ಷಣವೇ ಬಯಾಸೂ ಮಾಯವಾಗುತ್ತದೆ, ತೂಬು ಪೂರ್ತಿ ತೆರೆದುಕೊಳ್ಳುತ್ತದೆ, ಆನೋಡು ಕೆಂಪಗೆ ಕಾಯುತ್ತದೆ. ಆದಕಾರಣ ಎಚ್ಚರವುಳ್ಳ ವಿನ್ಯಾಸಕಾರರು ಸ್ವಲ್ಪ ಭಾಗವನ್ನಾದರೂ ಪ್ರತ್ಯೇಕ ಮೂಲದಿಂದ ಒದಗಿಸುತ್ತಿದ್ದರು. ಬಳಸುದಾರಿಗೂ ಸುಂಕವುಂಟಷ್ಟೆ, 100 ಕಿಲೋವಾಟ್ ವಾಹಕವನ್ನು ಪೂರ್ತಿಯಾಗಿ ಏರಿಳಿಸಲು 50 ಕಿಲೋವಾಟ್‌ಗೂ ಮೀರಿದ ಶಕ್ತಿಯ ದನಿವರ್ಧಕವು ಬೇಕು. ಅದು ಎರಡು ವಾಲ್ವುಗಳ 'ಬಿ' ವರ್ಗದ ಜೋಡಿ. ಆ ಎರಡರ ವಿರಾಮ ಪ್ರವಾಹಗಳು ಸಮವಾಗಿಲ್ಲದಿದ್ದರೆ, ಇಲ್ಲವೆ ತೀರ ಕಡಮೆಯಾದರೆ, ಒಂದರಿಂದ ಇನ್ನೊಂದಕ್ಕೆ ಕೆಲಸ ಹಸ್ತಾಂತರವಾಗುವ ಕಡೆಯಲ್ಲಿ ಮೆಲುದನಿಗಳು ಗಡುಸಾಗುತ್ತವೆ. ಹೀಗೆ ಮುಂಬಾಗಿಲಿನಿಂದ ಹೊರಗಟ್ಟಿದ ಪ್ರಶ್ನೆ ಹಿತ್ತಿಲ ಬಾಗಿಲಿನಿಂದ ಒಳಬಂದಿತು.

ಆದರೆ ಒಂದು ವಿಷಯದಲ್ಲಿ ಆ ಕಾಲದ ಇಂಜಿನಿಯರುಗಳು ನಿಶ್ಚಿಂತರಾಗಿದ್ದರು. ಹವೆಯ ಉಷ್ಣತೆಯಿಂದ ಬಯಾಸು ಕೆಡಬಹುದೆಂಬ ಭಯ ಅವರಿಗಿರಲಿಲ್ಲ. ಕಾರಣ ಸರಳವಾಗಿದೆ. ವಾಲ್ವಿನ ಕ್ಯಾಥೋಡು ಎಲೆಕ್ಟ್ರಾನುಗಳನ್ನು ಚೆಲ್ಲಬೇಕಾದರೆ ಕೆಂಪಗೆ ಕಾದಿರಲೇಬೇಕು. ಆಕ್ಸೈಡು ಲೇಪದ ಕ್ಯಾಥೋಡು 700 ಡಿಗ್ರಿ ಸೆಲ್ಸಿಯಸ್ಸಿನ ಮೇಲೆಯೂ, ದೊಡ್ಡ ಪ್ರೇಷಕ ವಾಲ್ವುಗಳ ಥೋರಿಯಂ ಮಿಶ್ರಿತ ಟಂಗ್‌ಸ್ಟನ್ ತಂತು 1600 ಡಿಗ್ರಿಯ ಮೇಲೆಯೂ ದುಡಿಯುತ್ತವೆ. ಚೈತ್ರದ ಬಿಸಿಲಿಗೂ ಆಷಾಢದ ಮಳೆಗೂ ನಡುವಿನ ಹದಿನೈದು ಡಿಗ್ರಿಯ ಅಂತರ ಆ ಉರಿಗೆ ಲೆಕ್ಕಕ್ಕೇ ಬಾರದು. ಇಲೆಕ್ಟ್ರಾನಿಕ್ ಶಾಸ್ತ್ರದ ಮೊದಲ ಅರ್ಧ ಶತಮಾನದ ಗ್ರಂಥಗಳಲ್ಲಿ ಬಯಾಸಿನ ಅಧ್ಯಾಯವು ಚಿಕ್ಕದಾಗಿಯೂ, ಶಾಂತವಾಗಿಯೂ ಇರುವುದಕ್ಕೆ ಇದೇ ಕಾರಣವೆಂದು ನಮ್ಮ ಅಭಿಪ್ರಾಯ.

1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಜನ್ಮತಾಳಿದಾಗ ಈ ಶಾಂತಿ ಕದಡಿತು. ನಮ್ಮಲ್ಲಿ ಅದರ ಅನುಭವವಾದದ್ದು ಹದಿನೈದು ವರ್ಷಗಳ ತರುವಾಯ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ಗ್ರಾಹಕ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳೇ ಮೊದಲಾದ ಅರೆವಾಹಕ ಸಾಧನಗಳನ್ನೂ, 1964ರಲ್ಲಿ ಆಕಾಶವಾಣಿಗಾಗಿ ಪ್ರೇಷಕಗಳನ್ನೂ ತಯಾರಿಸತೊಡಗಿತು. 1967ರಲ್ಲಿ ಪ್ರೇಷಕ ವಾಲ್ವುಗಳೂ ಸಿಲಿಕಾನ್ ಸಾಧನಗಳೂ ಅಲ್ಲಿ ಆರಂಭವಾದವು. ಈ ನಾಲ್ಕು ಇಸವಿಗಳನ್ನು ಒಟ್ಟಿಗೆ ಓದಬೇಕು. ವಾಲ್ವು ಹಳತಾಯಿತು, ಟ್ರಾನ್ಸಿಸ್ಟರು ಬಂದಿತು ಎಂದು ನಾವು ಸಾಮಾನ್ಯವಾಗಿ ಹೇಳುವ ಸರಳ ಕಥೆ ಇಲ್ಲಿ ನಿಲ್ಲುವುದಿಲ್ಲ. ಕೇಳುವವನ ಕೈಯ ಪೆಟ್ಟಿಗೆಗೆ ಜರ್ಮೇನಿಯಂ, ಹೇಳುವವನ ಮನೆಗೆ ವಾಲ್ವು, ಹೀಗೆ ಒಂದೇ ಊರಿನ ಕಾರ್ಖಾನೆಯಲ್ಲಿ ಎರಡೂ ಏಕಕಾಲದಲ್ಲಿ ಬೆಳೆದವು. ರೇಡಿಯೋ ಆವರ್ತಾಂಕಗಳಲ್ಲಿ ದೊಡ್ಡ ಶಕ್ತಿಯನ್ನು ತಾಳಬಲ್ಲ ಟ್ರಾನ್ಸಿಸ್ಟರು ಆಗ ಇರಲಿಲ್ಲ. ಆದ್ದರಿಂದ ಉಷ್ಣಸ್ಥಿರತೆಯ ಸಮಸ್ಯೆಯು ಮೊಟ್ಟಮೊದಲು ಎದುರಾದದ್ದು ಪ್ರೇಷಣ ಕೇಂದ್ರದಲ್ಲಲ್ಲ, ಹೊಲದ ಬದುವಿನ ಮೇಲೆ.

ವಿದ್ಯುತ್ತಿಲ್ಲದ ಹಳ್ಳಿಗೆ ಟ್ರಾನ್ಸಿಸ್ಟರ್ ರೇಡಿಯೋ ಒಪ್ಪಿತವಾದದ್ದು ಅದರ ಮಿತವ್ಯಯದಿಂದ. ಬ್ಯಾಟರಿ ಬಾಳಬೇಕಾದರೆ ಅದರ ಕೊನೆಯ ಘಟ್ಟವು 'ಬಿ' ವರ್ಗಕ್ಕೆ ಹತ್ತಿರವಾಗಿರಬೇಕು. ದನಿ ಒಡೆಯದಿರಬೇಕಾದರೆ ಕೆಲವು ಮಿಲಿಆಂಪಿಯರ್ ವಿರಾಮ ಪ್ರವಾಹವಾದರೂ ಇರಬೇಕು. ಎಸಿ128ರಂತಹ ಜರ್ಮೇನಿಯಂ ಜೋಡಿಗಳಲ್ಲಿ ಈ ಕೆಲವು ಮಿಲಿಆಂಪಿಯರುಗಳನ್ನು ಬಿಸಿಲಲ್ಲಿಯೂ ಚಳಿಯಲ್ಲಿಯೂ ಹಿಡಿದು ನಿಲ್ಲಿಸುವುದೇ ಕಷ್ಟ. ಜರ್ಮೇನಿಯಂನ ಸೋರಿಕೆ ಪ್ರವಾಹವು ಉಷ್ಣತೆ ಹತ್ತು ಡಿಗ್ರಿ ಏರಿದಾಗಲೆಲ್ಲ ಸುಮಾರು ಇಮ್ಮಡಿಯಾಗುತ್ತದೆ. ಅದರ ಸಂಧಿಯು 90 ಡಿಗ್ರಿಯ ಹತ್ತಿರ ಕೈಚೆಲ್ಲುತ್ತದೆ. ಬಹುತೇಕ ಸೆಟ್ಟುಗಳಲ್ಲಿ ಒಂದು ಚಿಕ್ಕ ಥರ್ಮಿಸ್ಟರನ್ನು ಬಯಾಸಿನ ರೋಧಕಕ್ಕೆ ಅಡ್ಡಲಾಗಿ ಬೆಸೆದಿರುತ್ತಿದ್ದರು. ಕಾವು ಏರಿದಂತೆ ಅದರ ರೋಧ ಇಳಿದು ಬಯಾಸನ್ನು ತಗ್ಗಿಸುವುದು. ರೇಡಿಯೋ ರಿಪೇರಿಯವರು ಆ ತುಣುಕನ್ನು ತೆಗೆದು ಸಾಮಾನ್ಯ ರೋಧಕವನ್ನು ಹಾಕಿಕೊಟ್ಟರೆ ಸೆಟ್ಟು ಅಂಗಡಿಯಲ್ಲಿ ಚೆನ್ನಾಗಿಯೇ ಹಾಡುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬ್ಯಾಟರಿಯನ್ನು ನುಂಗುತ್ತದೆ.

ಇಲ್ಲಿ ಸ್ವಲ್ಪ ಗಣಿತ ಅನಿವಾರ್ಯ. ಸಿಲಿಕಾನ್ ಆಗಲಿ ಜರ್ಮೇನಿಯಂ ಆಗಲಿ, ಟ್ರಾನ್ಸಿಸ್ಟರಿನಲ್ಲಿ ಒಂದೇ ಪ್ರವಾಹವನ್ನು ಕಾಪಾಡಲು ಬೇಸಿಗೆ ಕೊಡಬೇಕಾದ ವೋಲ್ಟೇಜು ಒಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಂತೆ ಇಳಿಯುತ್ತ ಹೋಗುತ್ತದೆ. ವೋಲ್ಟೇಜನ್ನು ಬದಲಿಸದೆ ಇಟ್ಟರೆ ಪ್ರವಾಹವು ಘಾತೀಯವಾಗಿ ಏರುತ್ತದೆ: 30 ಡಿಗ್ರಿಗೆ 60 ಮಿಲಿವೋಲ್ಟ್, ಎಂದರೆ ಸರಿಸುಮಾರು ಹತ್ತು ಪಟ್ಟು. ಇನ್ನು 28 ವೋಲ್ಟಿನ ಮೇಲೆ 100 ಮಿಲಿಆಂಪಿಯರ್ ವಿರಾಮ ಪ್ರವಾಹದಿಂದ ನಿಂತಿರುವ ಸಿಲಿಕಾನ್ ಶಕ್ತಿ ಟ್ರಾನ್ಸಿಸ್ಟರನ್ನು ಕಲ್ಪಿಸೋಣ. ಒಂದು ಡಿಗ್ರಿ ಕಾವಿಗೆ ಅದರ ಪ್ರವಾಹ ಸುಮಾರು 7.7 ಮಿಲಿಆಂಪಿಯರ್ ಹೆಚ್ಚುತ್ತದೆ, ಅದರಿಂದ 0.215 ವಾಟ್ ಅಧಿಕ ಶಾಖ ಹುಟ್ಟುತ್ತದೆ. ಸಂಧಿಯಿಂದ ಹೊರಗಾಳಿಯವರೆಗಿನ ಶಾಖರೋಧವು ವಾಟಿಗೆ 5 ಡಿಗ್ರಿಯಾಗಿದ್ದರೆ ಈ ಶಾಖವು ಸಂಧಿಯನ್ನು ಇನ್ನೂ 1.08 ಡಿಗ್ರಿ ಕಾಯಿಸುತ್ತದೆ. ಒಂದು ಡಿಗ್ರಿಯು ತನಗಿಂತ ದೊಡ್ಡದಾದ ಮರಿಯನ್ನು ಹಾಕಿತು. ಆ ಮರಿ ಮತ್ತೊಂದನ್ನು. ಇದಕ್ಕೆ ಕೊನೆಯಿಲ್ಲ, ಟ್ರಾನ್ಸಿಸ್ಟರು ಸುಟ್ಟುಹೋಗುವುದೊಂದೇ ಕೊನೆ. ಎಮಿಟರಿನ ದಾರಿಯಲ್ಲಿ 1 ಓಮ್ ರೋಧಕವನ್ನು ಇಟ್ಟರೆ ಅದೇ ಒಂದು ಡಿಗ್ರಿಗೆ ಹೆಚ್ಚುವ ಪ್ರವಾಹ 1.6 ಮಿಲಿಆಂಪಿಯರಿಗೆ ಇಳಿಯುತ್ತದೆ, ಮರಿ 0.22 ಡಿಗ್ರಿಯದು, ಅದರ ಮರಿ 0.05ರದು. ಸರಣಿ ಶಮನವಾಗುತ್ತದೆ. ನಮ್ಮ ಕಾಲೇಜುಗಳಲ್ಲಿ ಸ್ಥಿರತಾಂಕದ ಸೂತ್ರವನ್ನು ಬಾಯಿಪಾಠ ಮಾಡಿಸುವವರು ಈ ನಾಲ್ಕು ಸಾಲಿನ ಲೆಕ್ಕವನ್ನು ಮೊದಲು ಹಲಗೆಯ ಮೇಲೆ ಬರೆದರೆ ಸೂತ್ರಕ್ಕೆ ಒಂದು ಅರ್ಥ ಬಂದೀತು.

ಶ್ರವ್ಯ ಆವರ್ತಾಂಕದ ವರ್ಧಕದಲ್ಲಿ ಇಷ್ಟಕ್ಕೆ ಕಥೆ ಮುಗಿಯುತ್ತಿದ್ದಿತು. ರೇಡಿಯೋ ಆವರ್ತಾಂಕದಲ್ಲಿ ಮುಗಿಯುವುದಿಲ್ಲ. ಶಿಖರದಲ್ಲಿ 2 ಆಂಪಿಯರ್ ಹರಿದಾಗ ಆ 1 ಓಮ್ ರೋಧಕವು 2 ವೋಲ್ಟನ್ನು ನುಂಗಿ ವರ್ಧನೆಯನ್ನು ಕುಗ್ಗಿಸುತ್ತದೆ. ಅದರ ಕಾಲುಗಳ ಕೆಲವು ಮಿಲಿಮೀಟರ್ ತಂತಿಯೇ ಉಚ್ಚ ಆವರ್ತಾಂಕಗಳಲ್ಲಿ ಒಂದು ಸುರುಳಿಯಂತೆ ವರ್ತಿಸಿ ಅಡ್ಡಿಮಾಡುತ್ತದೆ. ಎಮಿಟರು ನೇರವಾಗಿ ಭೂಮಿಗೆ ಅಂಟಿರಬೇಕೆಂಬುದು ರೇಡಿಯೋ ವಿನ್ಯಾಸದ ಬೇಡಿಕೆ, ಅಂಟಬಾರದೆಂಬುದು ಉಷ್ಣಸ್ಥಿರತೆಯ ಬೇಡಿಕೆ. 1960ರ ದಶಕದಲ್ಲಿ ಈ ಜಗಳವನ್ನು ಟ್ರಾನ್ಸಿಸ್ಟರಿನ ಒಳಗೆಯೇ ತೀರ್ಮಾನಿಸಿದರು. ಒಂದೇ ದೊಡ್ಡ ಎಮಿಟರಿನ ಬದಲು ನೂರಾರು ಕಿರಿಯ ಎಮಿಟರುಗಳು, ಪ್ರತಿಯೊಂದಕ್ಕೂ ಹರಳಿನ ಮೇಲೆಯೇ ರಚಿಸಿದ ಅತ್ಯಲ್ಪ ರೋಧ. ಯಾವುದೋ ಒಂದು ಮೂಲೆ ಉಳಿದವುಗಳಿಗಿಂತ ಹೆಚ್ಚು ಕಾದು ಎಲ್ಲ ಪ್ರವಾಹವನ್ನೂ ತನ್ನೆಡೆಗೆ ಸೆಳೆದುಕೊಳ್ಳುವುದು ಇದರಿಂದ ತಪ್ಪಿತು.

ಹೊರಗಿನ ಬಯಾಸು ಮಂಡಲಕ್ಕೆ ಉಳಿದ ಕೆಲಸವೆಂದರೆ ಕಾವನ್ನು ಅನುಸರಿಸುವುದು. ಟ್ರಾನ್ಸಿಸ್ಟರಿನ ಪಕ್ಕದಲ್ಲಿ, ಅದೇ ಲೋಹದ ಫಲಕಕ್ಕೆ ಒತ್ತಿ ಒಂದು ಡಯೋಡನ್ನು ಕೂರಿಸುತ್ತಾರೆ. ಅದರ ವೋಲ್ಟೇಜೂ ಡಿಗ್ರಿಗೆ 2 ಮಿಲಿವೋಲ್ಟ್ ಇಳಿಯುವುದರಿಂದ ಅದನ್ನೇ ಬಯಾಸನ್ನಾಗಿ ಕೊಟ್ಟರೆ ಎರಡೂ ಜೊತೆಯಾಗಿ ಇಳಿಯುತ್ತವೆ. ಕಾಗದದ ಮೇಲೆ ಇದು ನಿರ್ದುಷ್ಟವಾಗಿದೆ. ವಾಸ್ತವದಲ್ಲಿ ಸಂಧಿಯು ಕಾಯುವುದು ಮಿಲಿಸೆಕೆಂಡುಗಳಲ್ಲಿ, ಲೋಹದ ಫಲಕ ಕಾಯುವುದು ನಿಮಿಷಗಳಲ್ಲಿ. ಡಯೋಡಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ, ಅದೂ ತಗ್ಗಿದ ರೂಪದಲ್ಲಿ. ಪ್ರಸಾರ ನಿಂತ ಮೇಲೆ ಸಂಧಿ ತಣ್ಣಗಾದರೂ ಫಲಕ ಇನ್ನೂ ಬೆಚ್ಚಗಿರುವುದರಿಂದ ಬಯಾಸು ಕೆಲಹೊತ್ತು ಬೇಕಾದುದಕ್ಕಿಂತ ಕೆಳಗಿರುತ್ತದೆ. ಆಗ ಮತ್ತೆ ಮಾತು ಆರಂಭವಾದರೆ ಮೊದಲ ಕ್ಷಣಗಳು ವಿಕೃತವಾಗುತ್ತವೆ. ಡಯೋಡನ್ನು ಎಲ್ಲಿ ಇಡಬೇಕೆಂಬ ಈ ಅತಿ ಸಾಮಾನ್ಯವಾದ ಪ್ರಶ್ನೆಯು ಸೂತ್ರಗಳಿಗಿಂತ ಕೈಯ ಅನುಭವಕ್ಕೆ ಹೆಚ್ಚು ಸೇರಿದ್ದು.

ರೇಖೀಯತೆಯ ಕಡೆಗೆ ಮರಳೋಣ. ಒಂದೇ ವರ್ಧಕದಲ್ಲಿ ಎರಡು ಸಂಕೇತಗಳು ಒಟ್ಟಿಗೆ ಹಾಯುವಾಗ, ವರ್ಧಕವು ಲೇಶಮಾತ್ರ ವಕ್ರವಾಗಿದ್ದರೂ, ಅವೆರಡರ ಮಿಶ್ರಣದಿಂದ ಹೊಸ ಆವರ್ತಾಂಕಗಳು ಹುಟ್ಟುತ್ತವೆ. ಇವುಗಳಲ್ಲಿ ಮೂರನೆಯ ಘಾತದವು ಅತ್ಯಂತ ಉಪದ್ರವಕಾರಿಗಳು. ಅವು ಮೂಲ ಸಂಕೇತಗಳ ಮಗ್ಗುಲಲ್ಲಿಯೇ ಬೀಳುವುದರಿಂದ ಸೋಸಿ ತೆಗೆಯಲು ಬಾರದು, ಮತ್ತು ಸಂಕೇತ ಒಂದು ಡೆಸಿಬೆಲ್ ಏರಿದರೆ ಅವು ಮೂರು ಡೆಸಿಬೆಲ್ ಏರುತ್ತವೆ. ವಿರಾಮ ಪ್ರವಾಹವನ್ನು ನಿಧಾನವಾಗಿ ಹೆಚ್ಚಿಸುತ್ತ ಹೋದರೆ ಒಂದು ಎಡೆಯಲ್ಲಿ ಈ ಮಿಶ್ರಣವು ಆಳವಾಗಿ ಕುಸಿಯುವುದುಂಟು. ವಿನ್ಯಾಸಕಾರನು ಹುಡುಕುವುದು ಆ ಎಡೆಯನ್ನೇ. ಆದರೆ ಅದು ಬಹಳ ಇಕ್ಕಟ್ಟಾದ ಸ್ಥಳ. ಕಾವಿನಿಂದ ಬಯಾಸು ಸ್ವಲ್ಪ ಜಾರಿದರೂ ಅದು ತಪ್ಪಿಹೋಗುತ್ತದೆ. ರೇಖೀಯತೆ ಮತ್ತು ಉಷ್ಣಸ್ಥಿರತೆಗಳನ್ನು ಪಠ್ಯಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟಿದ್ದರೂ ಅವು ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ಇಲ್ಲಿ ಸ್ಪಷ್ಟವಾಗುವುದು.

ಈ ಪ್ರಶ್ನೆ ಅತ್ಯಂತ ಕಠಿನವಾದ ರೂಪದಲ್ಲಿ ಎದುರಾದ ಸಂದರ್ಭವೊಂದು ಬೆಂಗಳೂರಿಗೆ ಸಂಬಂಧಿಸಿದೆ. ಇಸ್ರೋ ಸಂಸ್ಥೆಯು ಹವ್ಯಾಸಿ ರೇಡಿಯೋದವರಿಗಾಗಿ ನಿರ್ಮಿಸಿದ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋಗ್ರಾಂ ತೂಕದ ಉಪಗ್ರಹವು 2005ರ ಮೇ 5ರಂದು ಪಿಎಸ್‌ಎಲ್‌ವಿ ಸಿ6 ರಾಕೆಟ್ಟಿನಿಂದ ಕಕ್ಷೆ ಸೇರಿತು. 435 ಮೆಗಾಹರ್ಟ್ಸ್ ಹತ್ತಿರ ಕೇಳಿದ್ದನ್ನು ಅದು 145 ಮೆಗಾಹರ್ಟ್ಸ್ ಹತ್ತಿರ ಮರಳಿ ನುಡಿಯುತ್ತಿದ್ದಿತು. ಹತ್ತಾರು ಜನರ ಏಕಪಾರ್ಶ್ವ ಪಟ್ಟಿಯ ಮಾತುಗಳು ಒಂದೇ ವರ್ಧಕದಲ್ಲಿ ಏಕಕಾಲಕ್ಕೆ ಹಾಯಬೇಕು. ಒಬ್ಬನ ಗಟ್ಟಿದನಿ ಇನ್ನೊಬ್ಬನ ಮೆಲುದನಿಯನ್ನು ಕೆಡಿಸಬಾರದು. ಆ ವರ್ಧಕವು ಕೊಡಬಹುದಾದ ಶಕ್ತಿ ಸುಮಾರು ಒಂದು ವಾಟ್. ಅಲ್ಲಿ ಬೀಸಣಿಗೆಯ ಗಾಳಿಯಿಲ್ಲ, ಬೀಸಲು ಗಾಳಿಯೇ ಇಲ್ಲ. ಒಂದೂವರೆ ಗಂಟೆಗೊಮ್ಮೆ ಬಿಸಿಲೂ ನೆರಳೂ ಸರದಿಯಾಗಿ ಬರುತ್ತವೆ. 'ಎ' ವರ್ಗಕ್ಕೆ ಸೌರಫಲಕದ ವಿದ್ಯುತ್ತು ಸಾಲದು, 'ಸಿ' ವರ್ಗಕ್ಕೆ ಕಾರ್ಯದ ಸ್ವರೂಪವೇ ಒಪ್ಪದು. ಆ ಉಪಗ್ರಹವು 2014ರವರೆಗೆ ದುಡಿದು, ಬ್ಯಾಟರಿಗಳು ಕೈಕೊಟ್ಟ ಬಳಿಕ ಮೌನವಾಯಿತು. ವಿದ್ಯಾರ್ಥಿಗಳು ಹೊರಲಾಗದ ಖರ್ಚಿಲ್ಲದೆ ಕೇಳಿ ಪರೀಕ್ಷಿಸಬಹುದಾಗಿದ್ದ ರೇಖೀಯ ವರ್ಧಕ ಅದು. ನಮ್ಮ ಕಾಲೇಜುಗಳಲ್ಲಿ ಅದನ್ನು ಬಳಸಿಕೊಂಡವರು ಕಡಮೆಯೆಂಬುದೇ ನಮ್ಮ ಅನಿಸಿಕೆ.

ಇನ್ನು ತಿಳವಳ್ಳಿಗೆ ಹಿಂದಿರುಗಬಹುದು. ಇಂದು ಆ ಊರಿಗೆ ದೂರದ ಮಾತನ್ನು ತರುವುದು ಬಹುಮಟ್ಟಿಗೆ ಮೊಬೈಲ್ ಗೋಪುರ. ಮೊದಲ ತಲೆಮಾರಿನ ಅಂಕೀಯ ದೂರವಾಣಿಯಲ್ಲಿ, ಎಂದರೆ ಜಿಎಸ್‌ಎಂ ಪದ್ಧತಿಯಲ್ಲಿ, ಅಲೆಯ ಎತ್ತರವು ಸ್ಥಿರವಾಗಿರುತ್ತಿದ್ದಿತು; ಎಫ್‌ಎಂ ಬಾನುಲಿಯಂತೆಯೇ. ಆದಕಾರಣ ರೇಖೀಯತೆಯ ಋಣವನ್ನು ಮುಂದೂಡಲು ಅಲ್ಲಿ ಅವಕಾಶವಿದ್ದಿತು. ಬೆಂಗಳೂರಿನಲ್ಲಿ 2012ರ ಮೇ ತಿಂಗಳಿನಲ್ಲಿ ಆರಂಭವಾಗಿ ಕ್ರಮೇಣ ಹಳ್ಳಿಗಳಿಗೆ ಹಬ್ಬಿದ 4ಜಿ ಪದ್ಧತಿಯಲ್ಲಿ ಆ ಅವಕಾಶವಿಲ್ಲ. ನೂರಾರು ಉಪವಾಹಕಗಳ ಮೊತ್ತವಾದ ಅದರ ಅಲೆಯು ಯಾವಾಗಲೋ ಒಮ್ಮೆ ಸರಾಸರಿ ಶಕ್ತಿಯ ಹತ್ತರಷ್ಟಕ್ಕೆ ಸಮೀಪವಾಗಿ ಚಿಮ್ಮುತ್ತದೆ, ಉಳಿದ ಹೊತ್ತೆಲ್ಲ ತಗ್ಗಿನಲ್ಲಿರುತ್ತದೆ. ಶಿಖರಕ್ಕಾಗಿ ಸಿದ್ಧವಾಗಿ ನಿಂತ ವರ್ಧಕವು ಬಹುಕಾಲ ವ್ಯರ್ಥವಾಗಿ ಕಾಯುತ್ತಿರಬೇಕು. 1936ರ ಡೊಹರ್ಟಿ ಎದುರಿಸಿದ ಸಂದಿಗ್ಧವೂ ಇದೇ. ಇಂದಿನ ಗೋಪುರಗಳ ವರ್ಧಕಗಳಲ್ಲಿ ಆತನ ಎರಡು ಬಯಾಸುಗಳ ಉಪಾಯವೇ, ವಾಲ್ವುಗಳ ಬದಲು ಅಂಗೈಯಲ್ಲಿ ಹಿಡಿಯುವ ಟ್ರಾನ್ಸಿಸ್ಟರುಗಳೊಡನೆ, ವ್ಯಾಪಕವಾಗಿ ಮರಳಿ ಬಂದಿದೆ. ಉಳಿದ ವಕ್ರತೆಯನ್ನು ಮೊದಲೇ ಲೆಕ್ಕಹಾಕಿ, ಅದಕ್ಕೆ ವಿರುದ್ಧವಾದ ವಕ್ರತೆಯನ್ನು ಸಂಕೇತಕ್ಕೆ ಕೊಟ್ಟು ಸರಿಪಡಿಸುವ ಗಣಕಗಳೂ ಜೊತೆಗಿವೆ. ಆದರೆ ಗಣಕವು ಸರಿಪಡಿಸಬಲ್ಲದ್ದು ತಾನು ಅರಿತ ವಕ್ರತೆಯನ್ನು ಮಾತ್ರ. ಕಾವಿನೊಡನೆ ಬಯಾಸು ಜಾರುತ್ತಿದ್ದರೆ ಅದು ನೆರಳನ್ನು ಅಟ್ಟಿಸಿಕೊಂಡು ಹೋದಂತೆಯೇ ಸರಿ.

ಈ ಗೋಪುರಗಳಲ್ಲಿ 1990ರ ದಶಕದಿಂದ ಈಚೆಗೆ ಪ್ರಚಾರಕ್ಕೆ ಬಂದ ಎಲ್‌ಡಿಮಾಸ್ ಟ್ರಾನ್ಸಿಸ್ಟರಿನ ಸ್ವಭಾವ ವಿಚಿತ್ರವಾದುದು. ಅದರ ಗೇಟಿನ ವೋಲ್ಟೇಜನ್ನು ಸ್ಥಿರವಾಗಿಟ್ಟು ಕಾಯಿಸಿದರೆ, ಪ್ರವಾಹ ದೊಡ್ಡದಾಗಿದ್ದಾಗ ಅದು ಇಳಿಯುತ್ತದೆ, ಚಿಕ್ಕದಾಗಿದ್ದಾಗ ಏರುತ್ತದೆ. ನಡುವೆ ಒಂದು ಬಿಂದುವಿನಲ್ಲಿ ಕಾವಿಗೆ ಅದು ಏನೂ ಉತ್ತರ ಕೊಡುವುದಿಲ್ಲ. ಅಲ್ಲಿಯೇ ನಿಲ್ಲಿಸಿದರಾಯಿತಲ್ಲ ಎಂದು ತೋರಬಹುದು. ದುರದೃಷ್ಟವಶಾತ್ ರೇಖೀಯತೆಗೂ ದಕ್ಷತೆಗೂ ಒಪ್ಪುವ ವಿರಾಮ ಪ್ರವಾಹವು ಆ ಬಿಂದುವಿಗಿಂತ ಕೆಳಗೆ, ಏರಿಕೆಯ ಪಾರ್ಶ್ವದಲ್ಲಿ ಬೀಳುತ್ತದೆ. ಆದ್ದರಿಂದ ಹಳೆಯ ಡಯೋಡಿನ ಕೆಲಸವನ್ನು ಇಲ್ಲಿಯೂ ಯಾರಾದರೂ ಮಾಡಲೇಬೇಕು. ಈಗ ಅದನ್ನು ಉಷ್ಣಮಾಪಕವೂ ಅಂಕೀಯ ಕೋಷ್ಟಕವೂ ಮಾಡುತ್ತವೆ. ಅದಲ್ಲದೆ ಮೊದಮೊದಲ ಸಾಧನಗಳಲ್ಲಿ ವೇಗದ ಎಲೆಕ್ಟ್ರಾನುಗಳು ಆಕ್ಸೈಡಿನ ಪದರದಲ್ಲಿ ಸಿಕ್ಕಿಕೊಂಡು ವರ್ಷಗಳು ಕಳೆದಂತೆ ವಿರಾಮ ಪ್ರವಾಹವನ್ನು ಬದಲಿಸುತ್ತಿದ್ದವು. ಕಾರ್ಖಾನೆಯಲ್ಲಿ ಶ್ರುತಿ ಮಾಡಿದ ವಾದ್ಯ ಗೋಪುರದ ಮೇಲೆ ಅಪಸ್ವರಕ್ಕಿಳಿಯುವುದೆಂದರೆ ಇದೇ.

ಗ್ಯಾಲಿಯಂ ನೈಟ್ರೈಡಿನ ಟ್ರಾನ್ಸಿಸ್ಟರುಗಳು ಈಗ ಆ ಸ್ಥಾನಕ್ಕೆ ಬರುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ವಸ್ತುವಿನ ಮೇಲೆ ಸಂಶೋಧನೆ ನಡೆದಿದೆ. ರೇಡಿಯೋ ಶಕ್ತಿಗಾಗಿ ಬಳಸುವ ಇಂತಹ ಸಾಧನಗಳು ಸಾಮಾನ್ಯವಾಗಿ ಬಯಾಸಿಲ್ಲದಿದ್ದಾಗ ಪೂರ್ತಿ ತೆರೆದುಕೊಂಡಿರುತ್ತವೆ. ಮೊದಲು ಗೇಟಿಗೆ ಋಣ ವೋಲ್ಟೇಜು, ಆಮೇಲೆ ಡ್ರೇನಿಗೆ ಧನ ವೋಲ್ಟೇಜು, ಆರಿಸುವಾಗ ಇದರ ವಿಲೋಮ. ಈ ಕ್ರಮ ತಪ್ಪಿದರೆ ಸಾಧನ ನಾಶವಾಗುತ್ತದೆ. ವಾಲ್ವು ಪ್ರೇಷಕದಲ್ಲಿ ಗ್ರಿಡ್ಡಿನ ಬಯಾಸು ಬಂದ ಹೊರತು ಆನೋಡಿನ ಸ್ವಿಚ್ಚು ಕೂಡದಂತೆ ಬೀಗದ ವ್ಯವಸ್ಥೆಯನ್ನು ಅಳವಡಿಸುತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಕಾಣದು. ಹೊಸದಾದದ್ದು ಬೇರೆ: ದೊಡ್ಡ ಸಂಕೇತವೊಂದು ಹಾದುಹೋದ ಮೇಲೆ ಹರಳಿನ ದೋಷಸ್ಥಾನಗಳಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ವಿರಾಮ ಪ್ರವಾಹವನ್ನು ತಾತ್ಕಾಲಿಕವಾಗಿ ತಗ್ಗಿಸುತ್ತವೆ. ವಿರಾಮವೆಂಬುದು ಇಲ್ಲಿ ಒಂದೇ ಬೆಲೆಯಲ್ಲ, ಅದಕ್ಕೂ ಹಿಂದಿನ ಕ್ಷಣಗಳ ನೆನಪುಂಟು.

ಇಷ್ಟು ದೂರ ಬಂದ ಮೇಲೆ ಇತಿಹಾಸಕಾರನ ಸಾಮಗ್ರಿಯ ವಿಷಯವನ್ನು ಪ್ರಸ್ತಾಪಿಸುವುದು ಅವಶ್ಯ. ಪ್ರೇಷಣ ಕೇಂದ್ರಗಳಲ್ಲಿ ಪಾಳಿಯ ಮೇಲಿರುವವರು ನಿಯತ ಕಾಲಗಳಲ್ಲಿ ಮಾಪಕಗಳನ್ನು ನೋಡಿ, ಆನೋಡಿನ ವೋಲ್ಟೇಜು, ಆನೋಡಿನ ಪ್ರವಾಹ, ಗ್ರಿಡ್ಡಿನ ಪ್ರವಾಹ, ತಂಪುಗಾಳಿಯ ಉಷ್ಣತೆ ಇತ್ಯಾದಿಗಳನ್ನು ದಿನಚರಿಯಲ್ಲಿ ಬರೆದಿಡುವುದು ದೀರ್ಘಕಾಲದ ವಾಡಿಕೆ. ಉಪಕರಣಗಳು ಬದಲಾದಾಗ ಈ ಪುಸ್ತಕಗಳನ್ನು ಜತನಮಾಡುವವರು ಅಪರೂಪ. ಗೋಪುರದ ಸ್ವಯಂಚಾಲಿತ ದಾಖಲೆಗಳಂತೂ ಕಾಗದದ ರೂಪಕ್ಕೇ ಬರುವುದಿಲ್ಲ. ದೇವಾಲಯದ ದಾನಶಾಸನದಲ್ಲಿ ಮತ್ತರಿನ ಲೆಕ್ಕವನ್ನು ಓದಿ ಕೃಷಿಯ ಇತಿಹಾಸವನ್ನು ಕಟ್ಟುವ ನಾವು ಈ ಅಂಕಣಗಳನ್ನು ಕಡೆಗಣಿಸಬಾರದು. ವಾಲ್ವಿನ ಬಯಾಸನ್ನು ಬದಲಿಸದೆಯೇ ಗ್ರಿಡ್ಡಿನ ಮತ್ತು ಆನೋಡಿನ ಪ್ರವಾಹಗಳು ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂದರೆ ಕ್ಯಾಥೋಡು ಸವೆಯುತ್ತಿದೆಯೆಂದು ಅರ್ಥ. ಒಂದು ದಿನ ಅವು ಥಟ್ಟನೆ ಮೇಲೇರಿದ್ದರೆ ಹೊಸ ವಾಲ್ವು ಬಂದಿತೆಂದು ಅರ್ಥ. ಎರಡು ಏರಿಕೆಗಳ ನಡುವಿನ ತಿಂಗಳುಗಳನ್ನು ಎಣಿಸಿದರೆ ಒಂದು ವಾಲ್ವಿನ ಆಯುಸ್ಸು ಸಿಗುತ್ತದೆ. ವಿದೇಶಿ ವಾಲ್ವುಗಳ ಆಮದು ಕಷ್ಟವಾಗಿದ್ದ ವರ್ಷಗಳಲ್ಲಿ ಅದೇ ವಾಲ್ವನ್ನು ತಂತುವಿನ ವೋಲ್ಟೇಜು ಏರಿಸಿ ಎಷ್ಟು ಕಾಲ ಎಳೆದು ದುಡಿಸಿದರೆಂಬುದೂ ಅಲ್ಲಿಯೇ, ಪಕ್ಕದ ಅಂಕಣದಲ್ಲಿ, ಪಾಳಿಯವನ ಕೈಬರಹದಲ್ಲಿ ಇದ್ದಿರಬೇಕು.